ತೂಗುಬೆಂಚಿನ ಮೇಡಂ

"ಸ್ವಲ್ಪ ವಾಲಿಸಿ, ಕಾಲು ಮೊದ್ಲು ಆಚೆ ಬರ್ಲಿ," ಎಂದರು ಡ್ರಾಯಿಂಗ್ ಮೇಷ್ಟ್ರು.

ಊಟದ ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಂದು ತುದಿಯಲ್ಲಿ ಮೇಷ್ಟ್ರು, ಇನ್ನೊಂದು ತುದಿಯಲ್ಲಿ ಅವರ ಹೆಂಡತಿಯ, ಅಂದರೆ ಮೇಡಂ ಅವರ, ಹಳೆಯ ಶಿಷ್ಯ. ಇನ್ನೇನು ಆಸ್ಪತ್ರೆಯಿಂದ ಮೇಡಂ ದೇಹ ಬರುವುದಿತ್ತು; ನಡುಮನೆಯಲ್ಲಿ ಮಲಗಿಸಲು ಜಾಗ ಬೇಕಿತ್ತು. ಶಿಷ್ಯನಿಗೂ ಈಗ ತಲೆ ನರೆತಿದೆ, ಸ್ವಂತ ಪ್ರಯೋಗಾಲಯವಿದೆ. ಈ ಮನೆಯ ಮೆಟ್ಟಿಲು ಹತ್ತದೆ ಮಾತ್ರ ಎಷ್ಟೋ ವರ್ಷವಾಗಿತ್ತು. ಬೆಳಿಗ್ಗೆ ಬಂದಾಗ ಮೇಷ್ಟ್ರು "ಬನ್ನಿ" ಎಂದೂ ಅನ್ನಲಿಲ್ಲ, "ಯಾಕೆ ಬಂದ್ರಿ" ಎಂದೂ ಕೇಳಲಿಲ್ಲ. "ಈ ಮೇಜು ಹಿಡ್ಕೊಳ್ಳಿ," ಎಂದಿದ್ದರು, ಅಷ್ಟೆ.

ಅಂಗಳದಲ್ಲಿ ಮೇಡಂ ಕೆಲಸ ಮಾಡಿದ್ದ ಸಂಶೋಧನಾ ಸಂಸ್ಥೆಯವರು ಗುಂಪಾಗಿ ನಿಂತಿದ್ದರು. ಹೊಸದಾಗಿ ಬಂದ ಮುಖ್ಯಸ್ಥರಿಗೆ ಚಿತಾಗಾರದಲ್ಲಿ ನಾಲ್ಕು ಮಾತಾಡಲು ಅಂಕಿಅಂಶ ಬೇಕಿತ್ತು.

"ಒಟ್ಟು ಎಷ್ಟು ಪ್ರಬಂಧ ಬರ್ದಿದಾರೆ ಇವ್ರು?"

"ಮೂವತ್ತೂ ದಾಟಲ್ಲ ಸರ್," ಎಂದರು ಗಡ್ಡದ ಪ್ರೊಫೆಸರ್. "ಆದ್ರೆ ತೂಗುಬೆಂಚಿನದ್ದೊಂದನ್ನೇ ನಾಲ್ಕು ಸಾವಿರ ಜನ ಉಲ್ಲೇಖ ಮಾಡಿದಾರೆ."

"ಓಹೋ, ಅದನ್ನ ಹೇಳ್ಬಹುದಲ್ಲ!"

ಗಡ್ಡದವರು ದನಿ ತಗ್ಗಿಸಿದರು. "ಹೇಳ್ಬಹುದು. ಅರ್ಧ ಜನ ಮಾಡಿರೋದು ಅದು ತಪ್ಪು ಅನ್ನೋಕೆ."

ಯಾರೋ ಕಿಸಕ್ಕೆಂದರು. ಕುರ್ಚಿ ಹೊತ್ತು ಬಂದ ಶಿಷ್ಯನನ್ನು ಕಂಡು ಎಲ್ಲರೂ ಗಪ್‌ಚಿಪ್.

*

ಮಿದುಳು ನೆನಪನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮೇಡಂ ಹುಡುಕಾಟ. ಮೆಲ್ಲಗೆ ತೂಗುತ್ತ ಕಲಿತ ಮಕ್ಕಳಿಗೆ ಕಲಿತದ್ದು ಚೆನ್ನಾಗಿ ನಿಲ್ಲುತ್ತದೆ ಎಂದು ಅವರು ಬರೆದದ್ದೇ ತಡ, ಲೋಕವೆಲ್ಲ ತಲೆದೂಗಿತು. ಶಾಲೆಗಳು ತೂಗುವ ಬೆಂಚು ಮಾಡಿಸಿದವು. ಮಕ್ಕಳ ನೆನಪನ್ನು ಪರೀಕ್ಷಿಸಲು ಕೊಡೆ, ಕೆಟಲ್, ಸೈಕಲ್ಲು ಎಂದು ನೂರಾರು ಚಿತ್ರ ಬೇಕಾಗಿದ್ದವು. ಅವನ್ನೆಲ್ಲ ಬರೆದುಕೊಟ್ಟವರು ಮೇಷ್ಟ್ರು. ಯಾವುದರ ಜೊತೆ ಯಾವುದನ್ನು ಎಷ್ಟು ಹೊತ್ತು ತೋರಿಸಬೇಕು ಎಂಬ ಕ್ರಮ ಮೇಡಂ ಅವರದು.

ಅದೇ ಪ್ರಯೋಗವನ್ನು ಹೆಚ್ಚು ಮಕ್ಕಳ ಮೇಲೆ ಮಾಡಿ ನೋಡುತ್ತೇನೆ ಎಂದು ಶಿಷ್ಯ ಕೇಳಿದಾಗ ಮೇಡಂ ಚಿತ್ರ, ಲೆಕ್ಕಪತ್ರ ಎಲ್ಲ ಇದ್ದ ಬೀರುವಿನ ಬೀಗದಕೈಯನ್ನೇ ಕೊಟ್ಟಿದ್ದರು.

"ಎಲ್ಲಾ ತಗೊಂಡ್ಹೋಗು ಮಾರಾಯ. ಏನು ಬಂದ್ರೂ ಬಂದು ಹೇಳು."

ಏನೂ ಬರಲಿಲ್ಲ. ತೂಗಿದ ಮಕ್ಕಳೂ ಅಷ್ಟೆ, ತೂಗದವರೂ ಅಷ್ಟೆ. ಮತ್ತೆ ಮಾಡಿದ, ಅದೇ ಫಲಿತಾಂಶ. ಹೇಳಲೆಂದು ಮೇಡಂ ಕೋಣೆಯವರೆಗೂ ಹೋದ. ಬಾಗಿಲು ಅರೆತೆರೆದಿತ್ತು, ಒಳಗೆ ಅವರು ಯಾರಿಗೋ ಪಾಠ ಹೇಳುತ್ತ ನಗುತ್ತಿದ್ದರು. ಬೆರಳು ಮಡಚಿ ಎತ್ತಿದ ಕೈ ಹಾಗೇ ಇಳಿಯಿತು.

"ಮೊದ್ಲೇ ಹೇಳಿದ್ರೆ ಅವ್ರೇ ಬರ್ದುಬಿಡ್ತಾರೆ," ಎಂದಿದ್ದರು ಗಡ್ಡದ ಪ್ರೊಫೆಸರ್. "ಆಮೇಲೆ ನಿನ್ಗೇನು ಉಳಿಯುತ್ತೆ, ಚಿಪ್ಪು?"

ಶಿಷ್ಯನ ಪ್ರಬಂಧ ಅಚ್ಚಾದ ದಿನ ಅದೇ ಗಡ್ಡದವರು ಬೆನ್ನು ತಟ್ಟಿದರು. "ಗುರುವಿಗೇ ತಿರುಮಂತ್ರ ಹಾಕ್ಬಿಟ್ಟೆಯಲ್ಲೋ!" ಮೇಡಂಗೆ ವಿಷಯ ತಿಳಿದದ್ದು ತುಂಬಿದ ಸಭೆಯಲ್ಲಿ, ಗುರುತಿಲ್ಲದವನೊಬ್ಬ ಎದ್ದು ನಿಂತು ಕೇಳಿದಾಗ.

ಶಿಷ್ಯನ ಹೆಸರು ಏರಿತು. ಮೇಡಂ ಪ್ರಯೋಗಾಲಯ ಮುರಿದ ಕುರ್ಚಿಗಳ ಉಗ್ರಾಣವಾಯಿತು. ಆಮೇಲೆ ಅವನು ಬರೆದ ಒಂದೊಂದು ಪ್ರಬಂಧದಲ್ಲೂ ಆ ಚಿತ್ರಗಳಿದ್ದವು, ಆ ಕ್ರಮವಿತ್ತು. ಮೇಡಂ ಹೆಸರು ಮಾತ್ರ ಇರಲಿಲ್ಲ. ಅವರ ಶಿಷ್ಯ ಎನಿಸಿಕೊಳ್ಳುವುದು ಆಗ ಯಾರಿಗೂ ಬೇಕಿರಲಿಲ್ಲ, ಅವನಿಗಂತೂ.

*

ದೇಹ ಬಂತು. ಮುಖ ಇಷ್ಟೇ ಇಷ್ಟಾಗಿತ್ತು. ಶಿಷ್ಯ ನೋಡಲಾರದೆ ಅಡುಗೆಮನೆ ಹೊಕ್ಕ. ಮೇಷ್ಟ್ರು ಸಿಂಕಿನ ಮುಂದೆ ನಿಂತು ತೊಳೆದ ಲೋಟಗಳನ್ನೇ ತೊಳೆಯುತ್ತಿದ್ದರು.

"ಚಿತಾಗಾರದಲ್ಲಿ ನೀವು ಮಾತಾಡ್ಬೇಕು," ಎಂದರು, ತಿರುಗದೆ.

"ನಾನಾ? ನನ್ಗೆ ಆ ಯೋಗ್ಯತೆ ಇಲ್ಲ ಸರ್."

"ಇಲ್ಲ, ನಿಜ. ನಿಮ್ಮನ್ನ ಸಮಾಧಾನ ಮಾಡೋಕೆ ಹೇಳ್ತಿಲ್ಲ, ನನ್ಗೆ ನಿಮ್ಮೇಲೆ ಸಿಟ್ಟಿದೆ. ಆದ್ರೆ ಉಳಿದೋರು ಹೊಗಳಿ ಸುಳ್ಳು ಹೇಳ್ತಾರೆ. ಅವ್ಳಿಗೆ ಅದು ಆಗ್ತಿರ್ಲಿಲ್ಲ." ನಲ್ಲಿ ನಿಲ್ಲಿಸಿದರು. "ಗೊತ್ತಾದ ಮಾರನೇ ದಿನವೇ ಶಾಲೆಗಳಿಗೆಲ್ಲ ಅವ್ಳೇ ಫೋನ್ ಮಾಡಿದ್ಳು. 'ಬೆಂಚು ತೆಗ್ಸಿಬಿಡಿ, ನಾನು ಹೇಳಿದ್ದು ತಪ್ಪು' ಅಂತ. ಒಬ್ಬ ಹೆಡ್‌ಮಾಸ್ಟರು ಬಾಯಿಗೆ ಬಂದ ಹಾಗೆ ಬೈದ. ಕೇಳಿಸ್ಕೊಂಡ್ಳು. ತಪ್ಪಾಗಿದ್ದಕ್ಕೆ ಅವ್ಳು ಕೊರಗ್ಲಿಲ್ಲ."

"ಮತ್ತೆ?"

"'ಒಂದ್ಸಲ ಬಾಗ್ಲು ತಟ್ಬಹುದಿತ್ತಲ್ವಾ ಅವ್ನು?' ಅನ್ನೋಳು. ತರಕಾರಿ ಹೆಚ್ಚುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದ ಹಾಗೆ. ಕೊನೇತನಕ."

ಶಿಷ್ಯನಿಗೆ, ತಟ್ಟಲೆಂದು ಬಂದಿದ್ದೆ ಎಂದು ಹೇಳಿಬಿಡಬೇಕೆನಿಸಿತು. ಹೇಳಿದರೆ ಇನ್ನೂ ಕೀಳಾಗಿ ಕೇಳಿಸೀತು ಎನಿಸಿ, ತೊಳೆದ ಲೋಟಗಳನ್ನು ಒರೆಸತೊಡಗಿದ.

*

ಚಿತಾಗಾರದ ಸಭಾಂಗಣದಲ್ಲಿ ಮುಖ್ಯಸ್ಥರು ನಾಲ್ಕು ಸಾವಿರದ ಅಂಕಿಯನ್ನು ಎರಡು ಸಲ ಹೇಳಿ ಕೂತರು. ಶಿಷ್ಯ ಎದ್ದು ವೇದಿಕೆ ಹತ್ತಿದ.

"ಆ ನಾಲ್ಕು ಸಾವಿರ ಬಿಡಿ," ಎಂದ. "ಆ ಪ್ರಬಂಧ ತಪ್ಪಾಗಿತ್ತು. ತಪ್ಪು ಅಂತ ತೋರ್ಸೋಕೆ ಬೇಕಾದ್ದನ್ನೆಲ್ಲ ಅವ್ರೇ ನನ್ನ ಕೈಗೆ ಕೊಟ್ಟಿದ್ರು. ಗೊತ್ತಾದ ಮೇಲೆ ಅವ್ರೇ ಒಂದೊಂದು ಶಾಲೆಗೂ ಫೋನ್ ಮಾಡಿ ಒಪ್ಕೊಂಡ್ರು. ನನ್ನ ಯಾವ ಪ್ರಬಂಧ ತೆಗೆದು ನೋಡಿದ್ರೂ ಅದ್ರ ಬೆನ್ನೆಲುಬು ಅವ್ರು ಕಟ್ಟಿದ ಆ ಚಿತ್ರಗಳ ಪರೀಕ್ಷೆ. ಅದನ್ನ ನಾನು ಎಲ್ಲೂ ಬರ್ದಿಲ್ಲ. ನಾನು ಉಲ್ಲೇಖಿಸದ ಕೆಲ್ಸವೇ ಅವ್ರ ದೊಡ್ಡ ಕೆಲ್ಸ."

ಗಡ್ಡದ ಪ್ರೊಫೆಸರ್ ನೆಲ ನೋಡತೊಡಗಿದರು.

"ಮತ್ತೆ... ಅವತ್ತು ನಾನು..." ಎಂದ. ಮೊದಲ ಸಾಲಿನಲ್ಲಿ ಮೇಷ್ಟ್ರು ತಲೆಯೆತ್ತಿ ನೋಡಿದರು. ಕಾದು ಕಾದು ಚಿತಾಗಾರದವನು ಮೆಲ್ಲಗೆ ಕೆಮ್ಮಿದ. ಶಿಷ್ಯ ಕೈಮುಗಿದು ಇಳಿದ.

ಎಲ್ಲ ಮುಗಿದು ಜನ ಚದುರಿದರು. ಬೂದಿಗಾಗಿ ಕಾಯಬೇಕಿತ್ತು. ಶಿಷ್ಯ ಹೊರಗಿನ ಕಲ್ಲುಕಟ್ಟೆಯ ತುದಿಯಲ್ಲಿ ಕೂತಿದ್ದ. ಮೇಷ್ಟ್ರು ಬಂದು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಸರ್, ಅವತ್ತು ಬಾಗ್ಲ ತನಕ ಹೋಗಿದ್ದೆ. ತಟ್ಲಿಲ್ಲ. ಅವ್ರೇ ಮೊದ್ಲು ಬರ್ದುಬಿಟ್ರೆ ಅಂತ ಹೆದ್ರಿ, ಹೆಸರಿನ ಆಸೆಗೆ ಬಿದ್ದೆ."

"ಅದನ್ನ ಹೇಳ್ಬೇಕಾಗಿದ್ದು ನನ್ಗಲ್ಲ," ಎಂದರು ಮೇಷ್ಟ್ರು.

ಬಿಸಿಲು ಕಟ್ಟೆಯ ಮೇಲೆ ಏರುತ್ತಿತ್ತು. ಮೇಷ್ಟ್ರು ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದರು. ಮುಚ್ಚಳ ಹಾಕಲು ಹೋದವರು ಹಾಕಲಿಲ್ಲ. ಬಾಟಲಿಯನ್ನು ನಡುವಿನ ಖಾಲಿ ಜಾಗದಲ್ಲಿ ಇಟ್ಟು, ಮುಚ್ಚಳವನ್ನು ಅಂಗೈಯಲ್ಲಿ ಹಿಡಿದುಕೊಂಡು, ಮುಖ ಆಚೆ ತಿರುಗಿಸಿಕೊಂಡರು.