ಮೊದಲ ರೊಟ್ಟಿ

ಹಂಚಿನ ಮೇಲೆ ಮೊದಲ ರೊಟ್ಟಿ ಉಬ್ಬುತ್ತಿದೆ, ಅತ್ತೆ ಪ್ರಮಿಲಾಬಾಯಿ ಒದ್ದೆ ಅರಿವೆಯಿಂದ ಅಂಚು ಒತ್ತಿದರೆ ಪುಸ್ಸೆಂದು ಆವಿ, ಆಗಲೇ ಎರಡನೆಯದಕ್ಕೆ ಹಿಟ್ಟು ಬಡಿಯುವ ಟಪ್ ಟಪ್, ಆಳಂದದ ಬಸ್ಸು ಮಟಕಿ ಊರಿನ ಅಗಸಿ ಬಾಗಿಲಿಗೆ ಬರುವ ಹೊತ್ತಾಯಿತು, ಮಧುಮತಿ ಸೆರಗಿಗೆ ಪಿನ್ನು ಚುಚ್ಚುತ್ತ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾಳೆ, ಇವತ್ತು ಉಂಡೇ ಹೋಗುವುದು, ಉಂಡೇ. ಬಿ.ಎಡ್. ಪರೀಕ್ಷೆಗೆ ಇವಳು ಮಕ್ಕಳಿಗೆ ಮಾಡಿ ತೋರಿಸಬೇಕಾದ ಕೊನೆಯ ಪಾಠ ಇವತ್ತು, ಹೊರಗಿನ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ — ಹೋದ ವಾರ ಅದೇ ಎಂಟನೇ ಇಯತ್ತೆ, ಎಲೆ ತನ್ನ ಆಹಾರ ತಾನೇ ತಯಾರಿಸಿಕೊಳ್ಳುತ್ತದೆ ಎಂದು ಬರೆಯುತ್ತಿದ್ದಾಗಲೇ ಬೋರ್ಡು ಓರೆಯಾಯಿತು, ಆಮೇಲೆ ಕೆನ್ನೆಗೆ ತಣ್ಣನೆಯ ಫರಸಿ ನೆಲ, ಗೆಳತಿ ಮಸರತ ನೀರು ಚಿಮುಕಿಸುತ್ತ, ಮುಂಜಾನೆ ಏನ್ ತಿಂದಿ ಬೇ, ಚಹಾ, ಚಹಾ ತಿಂತಾರೇನ ಬೇ ಹುಚ್ಚಿ, ಮಕ್ಕಳ ಕಿಸಿಕಿಸಿ, ಕಾಲೇಜಿನ ಮೇಡಂ ಬಗ್ಗಿ, ಇನ್ನೊಮ್ಮೆ ಹಿಂಗಾದ್ರ ಪಾಠ ರದ್ದು, ವರ್ಷ ಹೋಗ್ತದ ನೋಡವಾ. ಡಾಕ್ಟರಮ್ಮ ಕಣ್ಣಿನ ರೆಪ್ಪೆ ಜಗ್ಗಿ ನೋಡಿದ್ದು, ರಕ್ತ ಕಮ್ಮಿ ಅದ, ಗುಳಿಗಿ ಕೊಡ್ತೇನಿ, ಆದ್ರ ಮುಂಜಾನೆ ಹೊಟ್ಟಿತುಂಬ ಉಂಡು ಹೊರಬೀಳ್ರಿ, ಮನ್ಯಾಗ ಏನೂ ಇರಂಗಿಲ್ಲೇನು? ಇಲ್ಲದ್ದೇನು, ಮಡಕಿ ಕಾಳು ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದವಳು ಇವಳೇ, ಶೇಂಗಾ ಹಿಂಡಿ ಕುಟ್ಟಿದವಳು ಇವಳೇ, ಗಟ್ಟಿ ಮೊಸರಿದೆ, ಹಸಿ ಮೆಂತ್ಯೆ ತಪ್ಪಲಿದೆ, ಸರದಿಯೊಂದಿಲ್ಲ. ಮಾವ ಗುರುನಾಥಪ್ಪ ಮಿಂದು, ವಿಭೂತಿ ಹಚ್ಚಿ, ಪೂಜೆ ಮುಗಿಸಿ ಮೊದಲ ರೊಟ್ಟಿ ಮುರಿಯುವ ತನಕ ಈ ಮನೆಯ ಸೊಸೆ ಬಾಯಿಗೆ ತುತ್ತಿಡುವುದಿಲ್ಲ, ಮಾವನ ಪೂಜೆಗೂ ಬಸ್ಸಿಗೂ ಎಂದೂ ಹೊಂದಾಣಿಕೆ ಇಲ್ಲ. ಬೈದು ಹೇಳಿದ್ದರೆ ಜಗಳವಾದರೂ ತೆಗೆಯಬಹುದಿತ್ತು, ಯಾರೂ ಬೈದೇ ಇಲ್ಲ. ಗಂಡ ಸುಶಾಂತ, ಬ್ಯಾಗಿನ್ಯಾಗ ಬಿಸ್ಕೀಟ್ ಇಟ್ಕೋ, ಮುಗೀತಲ್ಲ, ಅಂದು ಪಕ್ಕಕ್ಕೆ ಹೊರಳಿದ. ಅತ್ತೆಯಂತೂ, ನಾ ಈ ಮನಿಗಿ ಸೊಸಿಯಾಗಿ ನಡಿಲಾಕ ಬಂದಾಗ ಹೊತ್ತು ನೆತ್ತಿಗೇರೋತನಕ ಬರೇ ನೀರಿನ ಮ್ಯಾಲ ಇರ್ತಿದ್ನವಾ, ಸತ್ತೆನೇನು? ಸಾಯಲಿಲ್ಲ ಅತ್ತಿ, ಆದ್ರ ನಿಮ್ಮನ್ನ ಯಾರೂ ಬೋರ್ಡಿನ ಮುಂದ ನಿಂದ್ರಿಸಲಿಲ್ಲ — ಅನ್ನಲಿಲ್ಲ, ನುಂಗಿದಳು, ಇಷ್ಟು ದಿನ ಮಾತೇ ನುಂಗಿದ್ದಾಯಿತು.

ತಾಟು ತೆಗೆದಳು, ಮಾವನದಲ್ಲ, ತನ್ನದು. ಹಂಚಿನಿಂದ ಇಳಿದ ಮೊದಲ ರೊಟ್ಟಿ ಎತ್ತಿಕೊಳ್ಳುವಾಗ ಬೆರಳು ಸುಟ್ಟಿತು, ಸುಡಲಿ, ಮೇಲೆ ಮಡಕಿ ಪಲ್ಯ, ಪಕ್ಕಕ್ಕೆ ಹಿಂಡಿ, ಮೊಸರು, ನಿಂತು ತಿಂದರೆ ಕದ್ದು ತಿಂದಂತೆ, ಕೂತೇ ಉಣ್ಣಬೇಕು, ಒಲೆಯೆದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಯಾರಿಗ ಅದು? ನನಗ್ರಿ ಅತ್ತಿ. ಮಾವಾರದು ಇನ್ನಾ ಪೂಜಿ — ಗೊತ್ತದರಿ. ಟಪ್ ಟಪ್ ನಿಂತಿತು. ಮುರಿದಳು, ಇಟ್ಟಳು, ನಾಲಿಗೆಗೆ ಬಿಸಿ, ಹಲ್ಲಿನಡಿ ಮೊಳಕೆಯ ಕಾಳು ಒಡೆದು ಸಿಹಿ, ಬೆಳಗಿನ ಜೋಳಕ್ಕೆ ಇಂಥ ರುಚಿಯೆಂದು ಮದುವೆಯಾದಾಗಿನಿಂದ ಮರೆತೇಹೋಗಿತ್ತು, ಪಡಸಾಲೆಯಲ್ಲಿ ಪೂಜೆಯ ಗಂಟೆ ನಿಂತು ಮಾವನ ದನಿ, ರೊಟ್ಟಿ ಆದವೇನು? ಎಂದಿನಂತೆ ಅತ್ತೆಗೇ ಕೇಳಿದ್ದು, ಅತ್ತೆ ಬಾಯಿ ತೆರೆಯುವ ಮೊದಲೇ ಇವಳು, ಬಾಯಲ್ಲಿ ತುತ್ತಿದ್ದಂತೆಯೇ, ಆಗಾಕತ್ತಾವ್ರಿ ಮಾವಾರ, ನಾ ಉಣ್ಣಾಕತ್ತೇನಿ, ಬಸ್ ಬರ್ತದ. ಒಂದು ಕೆಮ್ಮು. ಎದುರಿಗೆ ಅತ್ತೆಯ ಕೈ, ಹಿಟ್ಟು ಮೆತ್ತಿದ ಅಗಲ ಕೈ, ಬಡಿಯದೆ, ಕೆಳಗಿಳಿಯದೆ, ಇನ್ನೊಂದು ತುತ್ತು, ಅಗಸಿಯ ಕಡೆಯಿಂದ ಬಸ್ಸಿನ ಹಾರ್ನು, ಇನ್ನೊಂದು ತುತ್ತು, ಪೂರ್ತಿ ಉಂಡೇ ಏಳುವುದು, ಅತ್ತೆಯ ಕೈ, ಇನ್ನೊಂದು, ಗಾಳಿಯಲ್ಲಿ ನಿಂತ ಆ ಬಿಳಿ ಕೈ —