ಎರಡನೇ ಸನ್ನೆ

ಲೆಯಾಂದ್ರೊ ಪೆಗೇರೊ ತೀರಿಕೊಂಡ ಎಂಟು ತಿಂಗಳಿಗೆ, ಸಕ್ಕರೆ ಮಿಲ್ಲಿನ ಬೇಸ್‌ಬಾಲ್ ಮೈದಾನಕ್ಕೆ ಅವನ ಹೆಸರಿಡುವ ಮಾತು ಬಂತು. ಬಂದದ್ದೇ ತಡ, ಊರು ಎರಡು ಪಾಲಾಯಿತು. ಅವನಂಥ ಪಿಚ್ಚರ್ ಈ ದ್ವೀಪದಲ್ಲೇ ಇಲ್ಲ, ಅವನು ಎಸೆದ ಚೆಂಡು ಕಣ್ಣಿಗೇ ಕಾಣುತ್ತಿರಲಿಲ್ಲ ಎನ್ನುವವರು ಕೆಲವರು. ಕುಡಿದು ಬಂದು ಫೈನಲ್ ಕಳೆದವನ ಹೆಸರು ನಮಗೇಕೆ ಎನ್ನುವವರು ಹಲವರು. ಈ ಹಲವರ ಮುಖಂಡ ಕ್ಷೌರಿಕ ಫಾಸ್ತೊ. ಅವನ ಕತ್ತರಿಗಿಂತ ಬಾಯಿಗೇ ಕೆಲಸ ಜಾಸ್ತಿ.

ನಾಲ್ಕು ಗಂಟೆಗೆ ಫಾಸ್ತೊನ ಅಂಗಡಿ ಮುಂದೆ ತೀರ್ಮಾನವಾಗಬೇಕಿತ್ತು. ಎರಡಕ್ಕೇ ಲೆಯಾಂದ್ರೊನ ಮಗಳು ಯೊಕಾಸ್ತ, ಅಪ್ಪನ ಹಳೆಯ ಕ್ಯಾಚರ್ ಅನ್ಸೆಲ್ಮೊನ ಮನೆಗೆ ಬಂದಳು. ಚೆಂಡು ಹಿಡಿದು ಹಿಡಿದು ಸೊಟ್ಟಗಾದ ಬೆರಳುಗಳಿಂದ ಅವನು ಕಾಫಿ ಬಗ್ಗಿಸಿದ.

"ಹೆಸರು ಬೇಡ ಅಂತ ನಾನೇ ಹೇಳಿಬಿಡ್ತೀನಿ ಮಾಮ. ದಿನಾ ಮೈದಾನದ ಗೋಡೆ ಮೇಲೆ ಅಪ್ಪನ ಹೆಸರು ನೋಡಿ ಜನ ನಗೋದು ಬೇಡ."

"ಕುಡೀತಿದ್ದ ನಿಜ. ನಾನು ಇಲ್ಲ ಅನ್ನಲ್ಲ."

"ಕುಡಿದಿದ್ದಕ್ಕೆ ಸಿಟ್ಟಿಲ್ಲ ನಂಗೆ. ಫೈನಲ್ ದಿನ ನನ್ನ ಏಳನೇ ಹುಟ್ಟುಹಬ್ಬ. ಬೆಳಿಗ್ಗೆ ಬೆರಳಲ್ಲಿ ಶಿಲುಬೆ ಮಾಡಿ, ಅದಕ್ಕೆ ಮುತ್ತಿಟ್ಟು ಆಣೆ ಹಾಕಿದ್ದ, ಇವತ್ತು ಮುಟ್ಟಲ್ಲ ಪುಟ್ಟಿ ಅಂತ. ನಾನು ನಂಬಿದ್ದೆ."

ಅನ್ಸೆಲ್ಮೊ ಲೋಟ ಕೆಳಗಿಟ್ಟ. ಗೆಳೆಯನಿಂದ ಒಂದು ಪಂದ್ಯ ಕಿತ್ತುಕೊಂಡೆ ಎಂದಷ್ಟೇ ಅವನು ಇಷ್ಟು ವರ್ಷ ಕೊರಗಿದ್ದ. ಈ ಮಗುವಿನ ನಂಬಿಕೆಯೂ ಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ.

"ಅವತ್ತು ಅವನು ಒಂದು ಹನಿ ಮುಟ್ಟಿರಲಿಲ್ಲ, ತಾಯಿ."

ಅವಳು ದಿಟ್ಟಿಸಿದಳು.

"ಚೆಂಡು ನೇರ ಬರ್ಬೇಕಾ, ತಿರುಗ್ಬೇಕಾ ಅಂತ ಬೆರಳಲ್ಲಿ ಸನ್ನೆ ಮಾಡೋನು ನಾನು. ಎರಡನೇ ಬೇಸಲ್ಲಿ, ನಿಮ್ಮಪ್ಪನ ಬೆನ್ನ ಹಿಂದೆ, ಎದುರಾಳಿ ನಿಂತಿದ್ರೆ ನನ್ನ ಬೆರಳು ಕದ್ದು ನೋಡ್ತಾನಲ್ಲ, ಅದಕ್ಕೆ ಮೂರು ಸನ್ನೆ ಕೊಡ್ತಿದ್ದೆ. ಎರಡನೇದು ಮಾತ್ರ ನಿಜ. ಅವತ್ತು ಗಾಬರೀಲಿ ನಾನೇ ಮರೆತು, ಮೊದಲನೇದ್ರಲ್ಲೇ ನಿಜ ಹೇಳ್ಬಿಟ್ಟೆ. ಅವನು ಎರಡನೇದನ್ನ ನೋಡಿ ತಿರುಗೋ ಚೆಂಡು ಎಸೆದ. ನೇರ ಬರುತ್ತೆ ಅಂತ ಕೂತಿದ್ದ ನನ್ನ ಕಾಲ ಸಂದೀಲಿ ಹೋಯ್ತು. ನಾನು ಅದನ್ನ ಹುಡುಕೋಷ್ಟ್ರಲ್ಲಿ ಎದುರಾಳಿ ಓಡಿ ರನ್ ಗಳಿಸಿದ, ಅವರು ಗೆದ್ರು."

"ಅಪ್ಪ ಕೈ ಜಾರ್ತು ಅಂದ್ನಲ್ಲ?"

"ಮುಂದಿನ ವಾರ, ಆಟಗಾರರನ್ನ ಆರಿಸ್ಕೊಂಡು ಹೋಗೋ ಅಮೆರಿಕದವರು ನನ್ನ ಆಟ ನೋಡೋಕೆ ಬರೋರಿದ್ರು. 'ನನ್ನ ಹೆಸರು ಹೇಗೂ ಕೆಟ್ಟಿದೆ, ಇದೂ ಅದರ ಮೇಲೇ ಬೀಳ್ಲಿ, ನೀನು ಸುಮ್ನಿರು' ಅಂದ. ನಾನು ಸುಮ್ನಾದೆ. ಅವರು ಬಂದ್ರು, ನೋಡಿದ್ರು, ನನ್ನ ಬಿಟ್ಟು ಹೋದ್ರು. ಆಮೇಲೂ ಸುಮ್ನೇ ಇದ್ದೆ."

ಯೊಕಾಸ್ತಳ ಕಣ್ಣಿಂದ ನೀರು ಇಳಿಯಿತು. "ಅವತ್ತು ರಾತ್ರಿ ಕೇಕ್ ತಿನ್ನಿಸೋಕೆ ಬಂದ ಕೈನ ತಳ್ಳಿದ್ದೆ ಮಾಮ. ಸುಳ್ಳ ಅಂದಿದ್ದೆ. ಪಾಪ, ಕೇಕ್ ಹಿಡ್ಕೊಂಡು ಹಾಗೇ ನಿಂತಿದ್ದ." ಕಣ್ಣೊರೆಸಿಕೊಂಡು, "ನೀನು ಹೇಳಬಹುದಿತ್ತು," ಎಂದಳು.

"ಹೇಳಬಹುದಿತ್ತು."

ಕಾಫಿ ಮುಟ್ಟದೆ ಎದ್ದು ಹೋದಳು.

ನಾಲ್ಕಕ್ಕೆ ಅನ್ಸೆಲ್ಮೊ ಅಂಗಡಿ ಮುಂದೆ ಹೋಗಿ ನಿಂತ. "ಬಂದ್ರಪ್ಪ ಕುಡುಕನ ವಕೀಲರು!" ಎಂದ ಫಾಸ್ತೊ. ಎಲ್ಲರೂ ನಕ್ಕರು. ಯೊಕಾಸ್ತ ಎಲ್ಲರ ಹಿಂದೆ, ಕೈಕಟ್ಟಿ ನಿಂತಿದ್ದಳು.

"ಆ ಚೆಂಡು ಬಿಟ್ಟೋನು ನಾನು. ತಪ್ಪು ಸನ್ನೆ ಕೊಟ್ಟೋನೂ ನಾನೇ," ಎಂದ. "ಲೆಯಾಂದ್ರೊ ಅವತ್ತು ಕುಡಿದಿರಲಿಲ್ಲ. ಮಗಳಿಗೆ ಕೊಟ್ಟ ಮಾತು ಉಳಿಸ್ಕೊಂಡಿದ್ದ."

ನಗು ನಿಂತಿತು. ಆಗ ಹಿಂದಿನಿಂದ ಯೊಕಾಸ್ತಳ ದನಿ ಬಂತು.

"ಇನ್ನೊಂದ್ಸಲ ಹೇಳು ಮಾಮ. ಜೋರಾಗಿ."

ಅವನು ಇನ್ನೊಂದು ಸಲ ಹೇಳಿದ.