ಹದಿಮೂರನೆಯ ಚೀಟಿ

ಇಪ್ಪತ್ತೆರಡು ವರ್ಷ ಸಿರುಗುಪ್ಪ, ಕುರುಗೋಡಿನ ಕೂಲಿಕಾರರ ಜೊತೆ ಕೂತು, ಅವರ ಕೈಯಿಂದಲೇ ಅವರವರ ಮನೆ ಕಟ್ಟಿಸಿದ ಆರ್ಕಿಟೆಕ್ಟ್ ಯಶೋಧರಾ ಬಳ್ಳಾರಿಯ ಬಾಡಿಗೆ ಮನೆಯಲ್ಲಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಐವತ್ತು ದಾಟಿದ ಮೇಲೆ ಅವಳಿಗೂ ಆಸೆ ಹುಟ್ಟಿತು. ಕುರುಗೋಡಿನಲ್ಲಿ ಹನ್ನೆರಡು ಕುಟುಂಬಗಳು ಕೂಡಿ ಕಟ್ಟಿಕೊಳ್ಳುತ್ತಿದ್ದ ಸಾಲಿನಲ್ಲಿ ಹದಿಮೂರನೆಯದಾಗಿ ತನಗೂ ಒಂದು ಮನೆ ಇರಲಿ ಎಂದಳು. ಮನೆಗಿಂತ ಹೆಚ್ಚಾಗಿ ಅವರಲ್ಲಿ ಒಬ್ಬಳಾಗಬೇಕಿತ್ತು ಅವಳಿಗೆ.

ಆದರೆ ಅಲ್ಲಿಯ ಕಾನೂನು ಅವಳೇ ಮಾಡಿದ್ದು. ಮೂವತ್ತು ದಿನ ಎಲ್ಲರ ಗೋಡೆಗೂ ದುಡಿದವರ ಹೆಸರಷ್ಟೇ ಚೀಟಿಗೆ. ಯಾವ ಮನೆ ಯಾರಿಗೆ ಎಂಬುದು ಕೊನೆಗೆ ಚೀಟಿ ಎತ್ತಿದಾಗಲೇ ತಿಳಿಯುವುದು. ಹಾಗಾಗಿ ಯಾರ ಗೋಡೆಗೂ ಯಾರೂ ಕಳಪೆ ಕೆಲಸ ಮಾಡುವಂತಿಲ್ಲ.

"ನಕ್ಷೆ ನಾನೇ ಹಾಕೀನಲ್ಲ, ಅದು ಲೆಕ್ಕಕ್ಕಿಲ್ಲೇನು?" ಎಂದಳು ಯಶೋಧರಾ.

"ಗೆರಿ ಎಳದ್ರ ಮಣ್ಣು ಹೊತ್ತಂಗ ಆಗ್ತೈತೇನ್ರಿ ಮೇಡಂ?" ಎಂದಳು ಗುಂಪಿನ ಮುಖ್ಯಸ್ಥೆ ಹಂಪಕ್ಕ. "ಪುರಾಣ ಹೇಳಾಕ, ಬದ್ನಿಕಾಯಿ ತಿನ್ನಾಕ ಅಂದಂಗಾತು."

ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ತಾನೇ ತೋಡಿದ ಗುಂಡಿಗೆ ಬಿದ್ದ ಯಶೋಧರಾ ಸೀರೆ ಎತ್ತಿ ಕಟ್ಟಿದಳು. ಮೊದಲ ವಾರ ಅವಳು ಹೊತ್ತ ಬುಟ್ಟಿಯಿಂದ ಮಣ್ಣಿಗಿಂತ ಮರ್ಯಾದೆಯೇ ಹೆಚ್ಚು ಚೆಲ್ಲಿತು. ಅಂಗೈ ಬೊಬ್ಬೆ ಎದ್ದು, ಒಡೆದು, ಅಂತೂ ಕರಣೆ ಹಿಡಿಯುವಷ್ಟಾದಳು. ಮೂವತ್ತನೆಯ ದಿನ, ಕೊನೆಗೆ ಉಳಿದಿದ್ದ ಹಿತ್ತಲ ಗೋಡೆಯ ಮೂಲೆಯನ್ನು ಒಬ್ಬಳೇ ಸೊಂಟಮಟ್ಟ ಕಟ್ಟಿ ನಿಲ್ಲಿಸಿದಳು. ಮರುದಿನವೇ ಚೀಟಿ ಎತ್ತುವುದಿತ್ತು.

ಗೋಡೆಗಳ ನೇರ ನೋಡುತ್ತಿದ್ದ ಗೌಂಡಿ ಚಿನ್ನಪ್ಪ ತೂಗುಗುಂಡು ಇಳಿಬಿಟ್ಟ. ದಾರ ಒಂದು ಕಡೆ, ಗೋಡೆ ಒಂದು ಕಡೆ. ನಡುವೆ ಒಂದು ಬೆರಳು ಹೋಗುತ್ತಿತ್ತು. ಅವನು ಕೆಮ್ಮಿದ. "ಮ್ಯಾಲ ಗಿಲಾವು ಮೆತ್ತಿದ್ರ ಸೊಟ್ಟ ಮುಚ್ಚಿ ಹೋಗ್ತೈತ್ರಿ."

ಯಶೋಧರಾ ಹಂಪಕ್ಕನ ಮುಖ ನೋಡಿದಳು. ಇವಳೂ ಹೂಂ ಅಂದುಬಿಡಲಿ ಎಂದು ಒಳಗೊಳಗೇ ಬೇಡಿಕೊಂಡಳು. ಬೇರೆಯವರು ಹೀಗೆ ಕಟ್ಟಿದ್ದರೆ ನಿಂತು ಕೆಡವಿಸುತ್ತಿದ್ದವಳು ಅವಳೇ.

"ಕೆಡವ್ರಿ ಮೇಡಂ," ಎಂದಳು ಹಂಪಕ್ಕ. "ಇದು ಯಾರ ಪಾಲಿಗೆ ಬರ್ತೈತೋ ಏನೋ."

ಯಶೋಧರಾಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಕಣ್ಣು ತುಂಬಿತು. ಒಂದೊಂದೇ ಇಟ್ಟಿಗೆ ಕಿತ್ತು ಕೆಳಗಿಟ್ಟಳು. ಕೊನೆಗೆ ತಲೆ ಎತ್ತದೆಯೇ ಹೇಳಿದಳು: "ಹಂಗಾರ ಚೀಟ್ಯಾಗ ನನ್ನ ಹೆಸರು ಬ್ಯಾಡ ಬಿಡು ಹಂಪಕ್ಕ. ನನ್ನ ಕೆಲಸ ಮುಗಿದಿಲ್ಲ."

ಹಂಪಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆಗೆ ಅಂಟಿದ ಮಣ್ಣು ಕೆರೆಯತೊಡಗಿದಳು.

"ನೀ ಬುಟ್ಟಿ ಹೊತ್ತ ಮೊದಲನೇ ದಿನಾನ ನಿನ್ನ ಹೆಸರು ಬರದು ಚೀಟಿ ಗಡಿಗ್ಯಾಗ ಹಾಕೀವಿ," ಎಂದಳು. "ಗೋಡಿ ಸೊಟ್ಟ ಆದ್ರ ನೀ ನಮ್ಮಾಕಿ ಅಲ್ಲಂತ ಯಾರಂದ್ರು? ಏಳು, ಮಣ್ಣು ಕಲಸು. ಬಿಸಿಲು ಇಳಿಯೂದ್ರೊಳಗ ಇಬ್ಬರೂ ಕೂಡಿ ಕಟ್ಟಾಣ."